ಟ್ಯಾಬ್ಲೆಟ್ ಫರ್ಮ್‌ವೇರ್ ನವೀಕರಣ

ಟ್ಯಾಬ್ಲೆಟ್ ಗಣಕದಲ್ಲಿ ತಯಾರಿಕೆಯ ಹೊತ್ತಿಗೇ ತುಂಬಿರುವ ಮೂಲ ತಂತ್ರಾಂಶದ ಜಾಗದಲ್ಲಿ ಅದರ ಹೊಸ ಆವೃತ್ತಿಯನ್ನು ಕೂರಿಸುವ ಕ್ರಿಯೆ. ದೋಷ ತಿದ್ದುವುದು, ಭದ್ರತೆಯ ಬಿರುಕು ಮುಚ್ಚುವುದು, ಹೊಸ ಸೌಲಭ್ಯ ಕೊಡುವುದು, ಕಾರ್ಯವೇಗ ಹೆಚ್ಚಿಸುವುದು ಇದರ ಉದ್ದೇಶಗಳು. ಈ ಲೇಖನ ಮುಖ್ಯವಾಗಿ ಕೊನೆಯ ಉದ್ದೇಶವನ್ನು ಕುರಿತದ್ದು. ಅಪ್‌ಡೇಟ್ ಮಾಡಿದರೆ ಫಾಸ್ಟ್ ಆಗುತ್ತದೆ ಎನ್ನುವವರೂ, ಅಪ್‌ಡೇಟ್ ಮಾಡಿದ ಮೇಲೆಯೇ ಹ್ಯಾಂಗ್ ಆಗತೊಡಗಿತು ಎನ್ನುವವರೂ ಒಂದೇ ಮನೆಯಲ್ಲಿ ಸಿಗುತ್ತಾರೆ. ಇಬ್ಬರ ಮಾತಿಗೂ ಆಧಾರವಿದೆ. ಟ್ಯಾಬ್ಲೆಟ್ ನಿಧಾನವಾಗಲು ತಂತ್ರಾಂಶದ ತಪ್ಪು ಕಾರಣವಾಗಿದ್ದರೆ ನವೀಕರಣ ಅದನ್ನು ನೀಗಿಸಬಲ್ಲದು. ಯಂತ್ರಾಂಶದ ಮಿತಿಯೇ ಕಾರಣವಾಗಿದ್ದರೆ ನೀಗಿಸಲಾರದು, ಎಷ್ಟೋ ಸಲ ಹೆಚ್ಚಿಸುತ್ತದೆ.

ಪದರಗಳು: ಫರ್ಮ್‌ವೇರ್ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅದು ಒಂದರ ಮೇಲೊಂದು ಕೂತ ಹಲವು ಪದರ. ತೀರ ಕೆಳಗೆ, ಸಂಸ್ಕಾರಕದೊಳಗೇ ಅಚ್ಚಾಗಿರುವ ಆರಂಭಿಕ ಸಂಕೇತವಿದೆ; ಕಾರ್ಖಾನೆ ಬಿಟ್ಟ ಮೇಲೆ ಅದನ್ನು ಯಾರೂ ಬದಲಿಸಲಾರರು. ಅದರ ಮೇಲೆ ಬೂಟ್‌ಲೋಡರ್, ಆಮೇಲೆ ಕಾರ್ಯಾಚರಣ ವ್ಯವಸ್ಥೆಯ ಕರ್ನಲ್ ಮತ್ತು ಚಾಲಕ ತಂತ್ರಾಂಶಗಳು. ಇವಲ್ಲದೆ ಸ್ಪರ್ಶಪರದೆ, ವೈ-ಫೈ, ಮೋಡೆಮ್, ಬ್ಯಾಟರಿ, ಫ್ಲ್ಯಾಶ್ ಸಂಗ್ರಹ ಇವುಗಳ ನಿಯಂತ್ರಕ ಚಿಪ್ಪುಗಳಿಗೆ ತಮ್ಮವೇ ಆದ ಚಿಕ್ಕ ಫರ್ಮ್‌ವೇರ್ ಇರುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಈ ಚಿಪ್‌ಮಟ್ಟದ ಸಂಕೇತವಷ್ಟೇ ಫರ್ಮ್‌ವೇರ್. ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲಿ ಇಂದಿಗೂ ಹಾಗೆಯೇ: ಯುಇಎಫ್‌ಐ ಬೇರೆ, ವಿಂಡೋಸ್ ಬೇರೆ. ಆಂಡ್ರಾಯ್ಡ್ ಮತ್ತು ಐಪ್ಯಾಡ್ ಲೋಕದಲ್ಲಿ ಮಾತ್ರ ಬದಲಿಸಬಹುದಾದ ಎಲ್ಲ ಪದರಗಳೂ ಒಂದೇ ಕಟ್ಟಿನಲ್ಲಿ ಬರುವುದರಿಂದ ಇಡೀ ಕಟ್ಟಿಗೇ ಆ ಹೆಸರು ನಿಂತಿದೆ.

ವೇಗದ ಮೂಲಗಳು: ಅದೇ ಯಂತ್ರ, ಅದೇ ಚಿಪ್ಪು, ಆದರೂ ಹೊಸ ಫರ್ಮ್‌ವೇರ್‌ನಿಂದ ವೇಗ ಹೇಗೆ ಹೆಚ್ಚುತ್ತದೆ? ಸಂಸ್ಕಾರಕದ ಗಡಿಯಾರವನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂದು ತೀರ್ಮಾನಿಸುವುದು ಕರ್ನಲ್. ಬ್ಯಾಟರಿ ಉಳಿಸುವ ಆಸೆಗೆ ಅದು ಗಡಿಯಾರವನ್ನು ತಡವಾಗಿ ಏರಿಸಿದರೆ ಪರದೆ ಮುಟ್ಟಿದ ಮೇಲೆ ಅರೆಕ್ಷಣ ಏನೂ ಆಗದಂತೆ ತೋರುತ್ತದೆ. 2012ರ ಆಂಡ್ರಾಯ್ಡ್ 4.1 ಜೆಲ್ಲಿಬೀನ್ ಆವೃತ್ತಿ ಇದನ್ನೇ ಹಿಡಿದು ತಿದ್ದಿತು: ಬೆರಳು ತಾಗಿದೊಡನೆ ಸಂಸ್ಕಾರಕದ ವೇಗವನ್ನು ಏರಿಸಿತು, ಪರದೆಯ ಚಿತ್ರಗಳನ್ನು ಸೆಕೆಂಡಿಗೆ 60ರ ಲಯಕ್ಕೆ ಕಟ್ಟಿಹಾಕಿತು. 2011ರಲ್ಲಿ ಆಂಡ್ರಾಯ್ಡ್ 3.0ರೊಂದಿಗೆ ಬಂದಿದ್ದ ಮೋಟೊರೋಲಾ ಜೂಮ್‌ನಂಥ ಟ್ಯಾಬ್ಲೆಟ್ ಈ ಆವೃತ್ತಿ ಪಡೆದಾಗ ಯಂತ್ರದ ಒಂದು ಸ್ಕ್ರೂ ಬದಲಾಗದೆಯೂ ಪುಟ ಸರಿಸುವ ಅನುಭವ ಬದಲಾಯಿತು. 2013ರ ಆಂಡ್ರಾಯ್ಡ್ 4.4, 512 ಎಂಬಿ ರ‍್ಯಾಮ್ ಇರುವ ಬಡಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಬಳಕೆಯಲ್ಲಿಲ್ಲದ ದತ್ತಾಂಶವನ್ನು ರ‍್ಯಾಮ್‌ನೊಳಗೇ ಅದುಮಿಡುವ ಜೆಡ್‌ರ‍್ಯಾಮ್ ವಿಧಾನಕ್ಕೆ ಬೆಂಬಲ ಕೊಟ್ಟಿತು. ಗೂಢಲಿಪೀಕರಣದಲ್ಲೂ ಇಂಥದೇ ಉಳಿತಾಯ ಸಾಧ್ಯ. ಹಲವು ಅಗ್ಗದ ಸಂಸ್ಕಾರಕಗಳಲ್ಲಿ ಎಇಎಸ್ ಎಂಬ ರೂಢಿಯ ಗೂಢಲಿಪಿಯ ಲೆಕ್ಕಕ್ಕೆ ಪ್ರತ್ಯೇಕ ಆದೇಶಗಳಿರುವುದಿಲ್ಲ. 2019ರಲ್ಲಿ ಗೂಗಲ್ ಹೊರತಂದ ಅಡಿಯಾಂಟಮ್ ಎಂಬ ವಿಧಾನ ಕಾರ್ಟೆಕ್ಸ್-ಎ7 ಚಿಪ್ಪಿನಲ್ಲಿ ಎಇಎಸ್‌ಗಿಂತ ಸುಮಾರು 5 ಪಟ್ಟು ವೇಗವಾಗಿ ಕೆಲಸ ಮಾಡುತ್ತದೆ.

ನೆಕ್ಸಸ್ 7: ಫರ್ಮ್‌ವೇರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಈ ಒಂದು ಟ್ಯಾಬ್ಲೆಟ್‌ನ ಆಯುಷ್ಯ ಸಾಕ್ಷಿ. ಗೂಗಲ್‌ಗಾಗಿ ಏಸಸ್ ಕಂಪನಿ ತಯಾರಿಸಿದ ಈ 7 ಇಂಚಿನ ಸಾಧನ 2012ರ ಜೂನ್‌ನಲ್ಲಿ 199 ಡಾಲರ್ ಬೆಲೆಗೆ ಘೋಷಣೆಯಾಯಿತು. ಎನ್‌ವಿಡಿಯಾದ ನಾಲ್ಕು ಗರ್ಭದ ಟೆಗ್ರಾ 3, 1 ಜಿಬಿ ರ‍್ಯಾಮ್, 8 ಅಥವಾ 16 ಜಿಬಿ ಸಂಗ್ರಹ. ಆ ಬೆಲೆಗೆ ಅಷ್ಟು ಚುರುಕಾದ ಟ್ಯಾಬ್ಲೆಟ್ ಅದುವರೆಗೆ ಇರಲಿಲ್ಲ. ಆದರೆ ಕೆಲವು ತಿಂಗಳು ಬಳಸಿದವರ ದೂರು ಒಂದೇ: ಆಪ್ ತೆರೆಯಲು ತಡ, ಟೈಪ್ ಮಾಡಿದ ಅಕ್ಷರ ಮೂಡಲು ತಡ, ಹಿನ್ನೆಲೆಯಲ್ಲಿ ಏನಾದರೂ ಇಳಿಸಿಕೊಳ್ಳುತ್ತಿದ್ದರಂತೂ ಇಡೀ ಯಂತ್ರ ಸ್ತಬ್ಧ.

ತಪ್ಪು ಸಂಸ್ಕಾರಕದ್ದಲ್ಲ, ಸಂಗ್ರಹದ್ದು. ಫ್ಲ್ಯಾಶ್ ಸ್ಮೃತಿಯಲ್ಲಿ ಬರೆಯುವುದು ಪುಟಗಳ ಲೆಕ್ಕದಲ್ಲಿ, ಅಳಿಸುವುದು ಅನೇಕ ಪುಟಗಳು ಸೇರಿದ ಖಂಡಗಳ ಲೆಕ್ಕದಲ್ಲಿ. ಒಂದಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಿ ಮತ್ತೆ ಬರೆಯಬೇಕಾದಂಥ ಪರಿಸ್ಥಿತಿ. ಆದ್ದರಿಂದ ಸಂಗ್ರಹದ ನಿಯಂತ್ರಕ ಚಿಪ್ಪು ಬಿಡುವಿದ್ದಾಗಲೇ ಖಾಲಿ ಖಂಡಗಳನ್ನು ಅಳಿಸಿ ಸಿದ್ಧವಾಗಿಟ್ಟುಕೊಳ್ಳಬೇಕು. ತೊಡಕೆಂದರೆ, ಯಾವುದು ಖಾಲಿ ಎಂಬುದು ಅದಕ್ಕೆ ತಾನಾಗಿ ತಿಳಿಯದು. ಬಳಕೆದಾರ ಒಂದು ಚಲನಚಿತ್ರ ಅಳಿಸಿದಾಗ ಕಾರ್ಯಾಚರಣ ವ್ಯವಸ್ಥೆ ತನ್ನ ಪಟ್ಟಿಯಿಂದ ಹೆಸರನ್ನಷ್ಟೇ ತೆಗೆಯುತ್ತದೆ. ಆ ಜಾಗ ಇನ್ನು ಬೇಡ ಎಂದು ನಿಯಂತ್ರಕಕ್ಕೆ ಹೇಳುವ ಟ್ರಿಮ್ ಎಂಬ ಆದೇಶ ಕಳುಹಿಸದಿದ್ದರೆ, ನಿಯಂತ್ರಕ ಆ ಸತ್ತ ದತ್ತಾಂಶವನ್ನೂ ಜತನವಾಗಿ ಹೊತ್ತು ತಿರುಗುತ್ತದೆ. ಕ್ರಮೇಣ ಸಿದ್ಧ ಖಂಡಗಳು ಬರಿದಾಗಿ, ಪ್ರತಿ ಚಿಕ್ಕ ಬರಹಕ್ಕೂ ನಕಲು, ಅಳಿಸುವಿಕೆ, ಮರುಬರಹ ನಡೆಯತೊಡಗುತ್ತವೆ. ಸಂಸ್ಕಾರಕ ಕೈಕಟ್ಟಿ ಕಾಯುತ್ತದೆ.

2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3, ಟ್ರಿಮ್ ಕೆಲಸವನ್ನು ವ್ಯವಸ್ಥೆಯ ದಿನಚರಿಗೆ ಸೇರಿಸಿತು. ಪರದೆ ಆರಿ ಒಂದು ಗಂಟೆ ಕಳೆದಿದ್ದು, ಬ್ಯಾಟರಿ ಶೇ 80ಕ್ಕಿಂತ ಹೆಚ್ಚಿದ್ದರೆ, ಚಾರ್ಜರ್ ಹಾಕಿದ್ದಲ್ಲಿ ಶೇ 30 ಇದ್ದರೂ ಸಾಕು, ದಿನಕ್ಕೊಮ್ಮೆ ಸದ್ದಿಲ್ಲದೆ ಟ್ರಿಮ್ ನಡೆಯುತ್ತದೆ. ರಾತ್ರಿ ಚಾರ್ಜಿಗಿಟ್ಟು ಮಲಗಿದವರ ಹಳೆಯ ನೆಕ್ಸಸ್ 7 ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. ವೇಗಕ್ಕಾಗಿ ಮಾಡಿದ ನವೀಕರಣಗಳಲ್ಲಿ ಇದಕ್ಕಿಂತ ಶುದ್ಧವಾದ ನಿದರ್ಶನ ಸಿಗುವುದು ಕಷ್ಟ: ರೋಗ ಗೊತ್ತಿತ್ತು, ಮದ್ದು ನೇರವಾಗಿತ್ತು, ಪರಿಣಾಮ ಕಣ್ಣಿಗೆ ಕಂಡಿತು. ಅದೇ ವರ್ಷ ಬಂದ ಎರಡನೆಯ ತಲೆಮಾರಿನ ನೆಕ್ಸಸ್ 7ರಲ್ಲಿ ಎರಡು ಬೆರಳಿಟ್ಟರೆ ಸ್ಪರ್ಶ ತಪ್ಪುವ, ಜಿಪಿಎಸ್ ಕೈಕೊಡುವ ದೋಷಗಳಿದ್ದವು. ಆಗಸ್ಟ್‌ನಲ್ಲಿ ಜೆಎಸ್‌ಎಸ್15ಕ್ಯೂ ಸಂಖ್ಯೆಯ ನವೀಕರಣ ಅವನ್ನು ತಿದ್ದಲು ಬಂತು.

ಕಥೆಯ ಮುಂದಿನ ಭಾಗ ಅಷ್ಟು ಸುಖದ್ದಲ್ಲ. 2014ರ ನವೆಂಬರ್‌ನಲ್ಲಿ ಮೊದಲ ತಲೆಮಾರಿನ ನೆಕ್ಸಸ್ 7ಕ್ಕೂ ಆಂಡ್ರಾಯ್ಡ್ 5.0 ಲಾಲಿಪಾಪ್ ಬಂತು. ಹೊಸ ಚಿತ್ರಶೈಲಿ, ಡಾಲ್ವಿಕ್‌ನ ಜಾಗದಲ್ಲಿ ಆರ್ಟ್ ಎಂಬ ಹೊಸ ಚಾಲನಾ ವ್ಯವಸ್ಥೆ, ಹೆಚ್ಚಿದ ಸ್ಮೃತಿಯ ಹಸಿವು. 1 ಜಿಬಿ ರ‍್ಯಾಮ್‌ನ, ನಿಧಾನ ಸಂಗ್ರಹದ ಆ ಯಂತ್ರಕ್ಕೆ ಇದು ಮೂಗಿಗಿಂತ ಮೂಗುತಿ ಭಾರವಾಯಿತು. ಟ್ರಿಮ್ ಇದ್ದೂ ಉಪಯೋಗವಾಗಲಿಲ್ಲ, ಏಕೆಂದರೆ ಈ ಬಾರಿಯ ಅಡಚಣೆ ಬೇರೆ ಕಡೆ ಇತ್ತು. 2015ರ 5.1.1 ಆವೃತ್ತಿಯೊಂದಿಗೆ ಗೂಗಲ್ ಅದರ ಅಧಿಕೃತ ನವೀಕರಣವನ್ನು ನಿಲ್ಲಿಸಿತು. ನೆಕ್ಸಸ್ ಸಾಧನಗಳ ಕಾರ್ಖಾನೆ ಪ್ರತಿಗಳನ್ನು ಕಂಪನಿ ಸಾರ್ವಜನಿಕವಾಗಿ ಇಟ್ಟಿದ್ದುದರಿಂದ, ಗೊತ್ತಿದ್ದವರು 4.4.4ಕ್ಕೆ ಹಿಂದಿರುಗಿ ಹಾಯಾಗಿದ್ದರು. ಹಿಂದಿರುಗುವ ದಾರಿ ಇರುವುದೂ ಒಂದು ಸೌಲಭ್ಯ. ಐಪ್ಯಾಡ್ ಬಳಕೆದಾರರಿಗೆ ಅದಿಲ್ಲ.

ಸರ್ಫೇಸ್: ಮೈಕ್ರೋಸಾಫ್ಟ್‌ನ ಸರ್ಫೇಸ್ ಸಾಲಿನ ಟ್ಯಾಬ್ಲೆಟ್‌ಗಳಲ್ಲಿ ಚಿಪ್‌ಮಟ್ಟದ ಫರ್ಮ್‌ವೇರ್‌ನ ಪ್ರಭಾವ ಬಿಡಿಯಾಗಿ ಕಾಣಸಿಗುತ್ತದೆ. 2014ರ ಸರ್ಫೇಸ್ ಪ್ರೊ 3ರಲ್ಲಿ ಸಿಂಪ್ಲೊ ಕಂಪನಿಯ ಬ್ಯಾಟರಿ ಇದ್ದ ಸಾಧನಗಳು ಒಂದೆರಡು ವರ್ಷಕ್ಕೇ ಸ್ವಲ್ಪ ಹೊತ್ತು ಓಡಿ ಆರತೊಡಗಿದವು. ಬ್ಯಾಟರಿ ಸತ್ತಿದೆ ಎಂದೇ ಎಲ್ಲರೂ ನಂಬಿದ್ದರು. ಆದರೆ ಬ್ಯಾಟರಿಯ ಕೋಶಗಳು ಚೆನ್ನಾಗಿಯೇ ಇದ್ದು, ಪೂರ್ಣ ಸಾಮರ್ಥ್ಯ ಎಷ್ಟು ಎಂಬುದನ್ನು ತಪ್ಪಾಗಿ ವರದಿ ಮಾಡುತ್ತಿದ್ದ ಫರ್ಮ್‌ವೇರ್‌ನಲ್ಲಿ ದೋಷವಿತ್ತು. 2016ರ ಆಗಸ್ಟ್ ಕೊನೆಗೆ ಬಂದ ನವೀಕರಣ ಅದನ್ನು ತಿದ್ದಿತು. ಹಾಕಿದ ಮೇಲೆ ಕೆಲವು ಬಾರಿ ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಇಳಿಸಿದರೆ ಅಳತೆ ಸರಿಹೋಗುತ್ತಿತ್ತು. ತಿರುವುಮುರುವಾದ ಪ್ರಸಂಗವೂ ಉಂಟು. 2019ರ ಆಗಸ್ಟ್‌ನಲ್ಲಿ ಕೆಲವು ಸರ್ಫೇಸ್ ಪ್ರೊ 6 ಸಾಧನಗಳ ಸಂಸ್ಕಾರಕ 400 ಮೆಗಾಹರ್ಟ್ಸ್‌ಗೆ ಇಳಿದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಅದರ ಮೂಲ ವೇಗದ ಕಾಲುಭಾಗದಷ್ಟು. ಫರ್ಮ್‌ವೇರ್ ಮೂಲಕವೇ ಪರಿಹಾರ ಕೊಡುವುದಾಗಿ ಕಂಪನಿ ಹೇಳಬೇಕಾಯಿತು.

ಐಪ್ಯಾಡ್: ಆಪಲ್‌ನದು ಒಂದೇ ಮನೆಯ ಅಡುಗೆ, ಚಿಪ್ಪು, ವ್ಯವಸ್ಥೆ, ವಿತರಣೆ ಎಲ್ಲವೂ ಅದರದ್ದೇ. ಹೀಗಾಗಿ ಹಳೆಯ ಸಾಧನಗಳಿಗೂ ನವೀಕರಣ ವರ್ಷಗಟ್ಟಲೆ ತಲುಪುತ್ತದೆ. 2010ರ ಮೊದಲ ಐಪ್ಯಾಡ್ 256 ಎಂಬಿ ರ‍್ಯಾಮ್‌ನ ದೆಸೆಯಿಂದ ಐಒಎಸ್ 5.1.1ಕ್ಕೇ ನಿಂತಿತು. 2011ರ ಐಪ್ಯಾಡ್ 2 ಮಾತ್ರ 512 ಎಂಬಿ ಇಟ್ಟುಕೊಂಡೇ ಐಒಎಸ್ 4.3ರಿಂದ 9ರವರೆಗೆ ಏರಿತು. ಇದನ್ನು ದೀರ್ಘಾಯುಷ್ಯ ಎಂದು ಹೊಗಳುವವರಿದ್ದಾರೆ. ಐಒಎಸ್ 9 ಹಾಕಿದ ಐಪ್ಯಾಡ್ 2ರಲ್ಲಿ ಕೀಲಿಮಣೆ ಮೇಲೇಳುವುದನ್ನು ಕಾದು ಕುಳಿತವರ ಅಭಿಪ್ರಾಯ ಬೇರೆ.

2018ರ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 12 ಈ ಚಾಳಿಯನ್ನು ಮುರಿಯಿತು. ಆಪ್ ತೆರೆಯುವಂಥ ಗಳಿಗೆಯಲ್ಲಿ ಸಂಸ್ಕಾರಕವನ್ನು ಥಟ್ಟನೆ ಗರಿಷ್ಠ ವೇಗಕ್ಕೆ ಏರಿಸಿ, ಕೆಲಸ ಮುಗಿದೊಡನೆ ಇಳಿಸುವುದು ಅದರ ಉಪಾಯ. ಐಫೋನ್ 6 ಪ್ಲಸ್‌ನಲ್ಲಿ ಆಪ್‌ಗಳು ಶೇ 40ರವರೆಗೆ, ಕೀಲಿಮಣೆ ಶೇ 50ರವರೆಗೆ ಬೇಗ ತೆರೆಯುತ್ತವೆ ಎಂದು ಆಪಲ್ ಹೇಳಿಕೊಂಡಿತು. ಅಂಕಿ ಕಂಪನಿಯದೇ, ಅದೂ ಫೋನಿನದು. ಆದರೆ 2013ರ ಐಪ್ಯಾಡ್ ಏರ್ ಮತ್ತು ಐಪ್ಯಾಡ್ ಮಿನಿ 2 ಕೂಡ ಅದೇ ಆವೃತ್ತಿಯನ್ನು ಪಡೆದವು.

ವೇಗ ಕುಗ್ಗಿಸುವ ನವೀಕರಣಗಳು: ಕೆಲವೊಮ್ಮೆ ನವೀಕರಣ ಬೇಕೆಂದೇ ವೇಗವನ್ನು ಬಿಟ್ಟುಕೊಡುತ್ತದೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ಸಂಸ್ಕಾರಕ ಮುಂದಾಗಿ ಊಹಿಸಿ ಕೆಲಸ ಮಾಡುವ ಗುಣದಲ್ಲೇ ಅಡಗಿದ್ದವು. ಅದಕ್ಕೆ ಕಡಿವಾಣ ಹಾಕಿದರೆ ಸ್ವಲ್ಪ ವೇಗ ಹೋಗುವುದು ಅನಿವಾರ್ಯ. ಸ್ಪೆಕ್ಟರ್‌ಗಾಗಿ ಸಫಾರಿಯಲ್ಲಿ ಮಾಡುವ ತಿದ್ದುಪಡಿಯಿಂದ ಜೆಟ್‌ಸ್ಟ್ರೀಮ್ ಪರೀಕ್ಷೆಯಲ್ಲಿ ಶೇ 2.5ಕ್ಕಿಂತ ಹೆಚ್ಚಿನ ಇಳಿಕೆ ಇಲ್ಲ ಎಂದು ಆಪಲ್ ತಿಳಿಸಿತು. ಇಷ್ಟನ್ನು ಕೊಟ್ಟು ಭದ್ರತೆ ಪಡೆಯುವುದು ಲಾಭದ ವ್ಯವಹಾರವೇ. ಬಳಕೆದಾರರಿಗೆ ತಿಳಿಸದೆ ಹಳೆಯ ಯಂತ್ರದ ಮೇಲೆ ಭಾರ ಹೇರುವುದು ಬೇರೆ ಮಾತು. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಫೋನುಗಳ ನವೀಕರಣದ ವಿಷಯದಲ್ಲಿ ಆಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು.

ನವೀಕರಣ ನಡೆಯುವ ಬಗೆ: ಹೊಸ ಆವೃತ್ತಿ ಸಾಮಾನ್ಯವಾಗಿ ಇಂಟರ್‌ನೆಟ್ ಮೂಲಕ ನೇರವಾಗಿ ಸಾಧನಕ್ಕೇ ಬರುತ್ತದೆ. ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ಮೊದಲು ಅತಿ ಸಣ್ಣ ಪ್ರಮಾಣದ ಸಾಧನಗಳಿಗೆ ಕಳುಹಿಸಿ, ಒಂದೆರಡು ದಿನ ದೂರು ಬರುತ್ತದೆಯೇ ಎಂದು ನೋಡಿ, ಆಮೇಲೆ ಹಂತಹಂತವಾಗಿ ಹಂಚುತ್ತಾರೆ. ಪಕ್ಕದ ಮನೆಯವರಿಗೆ ಬಂದದ್ದು ತಮಗೆ ಬಂದಿಲ್ಲ ಎಂದು ಗಳಿಗೆಗೊಮ್ಮೆ ಚೆಕ್ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಬರುವುದು ಪೂರ್ತಿ ಪ್ರತಿಯಲ್ಲ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ. ಆಂಡ್ರಾಯ್ಡ್ 5.0ರಿಂದ ಈ ವ್ಯತ್ಯಾಸವನ್ನು ಸಂಗ್ರಹದ ಖಂಡಗಳ ಮಟ್ಟದಲ್ಲೇ ಲೆಕ್ಕ ಹಾಕುವುದರಿಂದ, ರೂಟ್ ಮಾಡಿ, ಅಂದರೆ ಪೂರ್ಣ ಅಧಿಕಾರ ಪಡೆದು, ವ್ಯವಸ್ಥೆಯ ಒಂದೇ ಒಂದು ಕಡತ ಬದಲಿಸಿದ್ದರೂ ನವೀಕರಣ ಕೂರಲು ಒಪ್ಪುವುದಿಲ್ಲ.

ಹಿಂದೆ ಟ್ಯಾಬ್ಲೆಟ್ ರಿಕವರಿ ಎಂಬ ಸ್ಥಿತಿಗೆ ಹೋಗಿ, ಚಾಲ್ತಿಯಲ್ಲಿದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ಬರೆಯುತ್ತಿತ್ತು. ನಡುವೆ ಬ್ಯಾಟರಿ ಮುಗಿದರೆ ಗತಿ ಕೆಡುತ್ತಿತ್ತು. 2016ರ ಆಂಡ್ರಾಯ್ಡ್ 7.0, ಎರಡು ಪ್ರತಿಗಳನ್ನಿಟ್ಟುಕೊಂಡು ಒಂದು ಓಡುತ್ತಿರುವಾಗ ಇನ್ನೊಂದರಲ್ಲಿ ಬರೆಯುವ ಕ್ರಮವನ್ನು ತಂದಿತು. ಹೊಸ ಪ್ರತಿ ಏಳದಿದ್ದರೆ ಹಳೆಯದಕ್ಕೇ ಮರಳಬಹುದು. ಆದರೆ ಇದಕ್ಕೆ ಸಂಗ್ರಹದಲ್ಲಿ ಹೆಚ್ಚು ಜಾಗ ಬೇಕಾದ್ದರಿಂದ ಅಗ್ಗದ ಟ್ಯಾಬ್ಲೆಟ್‌ಗಳ ತಯಾರಕರು ಬಹುಕಾಲ ಹಿಂಜರಿದರು.

ನವೀಕರಣ ಮುಗಿದ ಮೊದಲ ಒಂದೆರಡು ದಿನದ ವೇಗವನ್ನು ನೋಡಿ ತೀರ್ಪು ಕೊಡಬಾರದು. ಲಾಲಿಪಾಪ್ ಕಾಲದಲ್ಲಿ ಪ್ರತಿ ಆಪ್ ಅನ್ನೂ ಯಂತ್ರಭಾಷೆಗೆ ಪರಿವರ್ತಿಸುವ ಕೆಲಸ ಮೊದಲ ಬೂಟ್‌ನಲ್ಲೇ ನಡೆದು, ಆಪ್‌ಗಳ ಎಣಿಕೆ ತೋರಿಸುವ ಪರದೆ ಬಹಳ ಹೊತ್ತು ನಿಲ್ಲುತ್ತಿತ್ತು. ಆಂಡ್ರಾಯ್ಡ್ 7.0ರಿಂದ ಆ ಕೆಲಸ ಹಿನ್ನೆಲೆಗೆ ಸರಿದಿದೆ: ಹೆಚ್ಚು ಬಳಸುವ ಭಾಗಗಳನ್ನು ಗುರುತಿಸಿ, ಚಾರ್ಜಿಗಿಟ್ಟು ಸುಮ್ಮನಿದ್ದಾಗ ಪರಿವರ್ತಿಸಲಾಗುತ್ತದೆ. ಅದು ಮುಗಿಯುವವರೆಗೆ ಯಂತ್ರ ಬಿಸಿಯಾಗುವುದೂ, ಬ್ಯಾಟರಿ ಬೇಗ ಇಳಿಯುವುದೂ ಸಹಜ.

ಮುನ್ನೆಚ್ಚರಿಕೆ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಫೋಟೊ, ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು, ಚಾರ್ಜರ್ ಹಾಕಿರಬೇಕು, ಸಂಗ್ರಹದಲ್ಲಿ ಧಾರಾಳ ಜಾಗ ಇರಬೇಕು. ಜಾಗದ ಮಾತು ವೇಗಕ್ಕೂ ಅನ್ವಯಿಸುತ್ತದೆ: ಸಂಗ್ರಹ ತುಂಬಿ ತುಳುಕುತ್ತಿರುವ ಟ್ಯಾಬ್ಲೆಟ್‌ಗೆ ಎಂಥ ಫರ್ಮ್‌ವೇರ್ ಹಾಕಿದರೂ ಮೇಲೆ ಹೇಳಿದ ಖಂಡಗಳ ಕೊರತೆ ತಪ್ಪದು. ಹೊಸ ದೊಡ್ಡ ಆವೃತ್ತಿ ಬಂದ ದಿನವೇ ಹಾಕದೆ ಅದರ ಮೊದಲ ತಿದ್ದುಪಡಿಯವರೆಗೆ ಕಾಯುವುದು ಜಾಣತನ. ತಿಂಗಳ ಭದ್ರತಾ ತಿದ್ದುಪಡಿಗೆ ಕಾಯಬೇಕಾಗಿಲ್ಲ.

ವೈಫಲ್ಯಗಳು: ಈ ಕಾಯುವಿಕೆಗೆ ಕಾರಣಗಳಿವೆ. 2013ರ ಅಕ್ಟೋಬರ್‌ನಲ್ಲಿ ವಿಂಡೋಸ್ ಆರ್‌ಟಿ 8.1, ಕೆಲವು ಸರ್ಫೇಸ್ ಆರ್‌ಟಿ ಸಾಧನಗಳು ಏಳದಂತೆ ಮಾಡಿದ್ದರಿಂದ ಅದನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಳ್ಳಲಾಯಿತು. 2016ರ ಮೇ ತಿಂಗಳಲ್ಲಿ ಐಒಎಸ್ 9.3.2 ಹಾಕಿದ ಕೆಲವು 9.7 ಇಂಚಿನ ಐಪ್ಯಾಡ್ ಪ್ರೊಗಳು ದೋಷ 56 ಎಂದು ತೋರಿಸಿ ನಿಂತವು. 2024ರ ಸೆಪ್ಟೆಂಬರ್‌ನಲ್ಲಿ ಐಪ್ಯಾಡ್‌ಒಎಸ್ 18, ಆಪಲ್‌ನ ಅತಿ ದುಬಾರಿ ಎಂ4 ಐಪ್ಯಾಡ್ ಪ್ರೊಗಳಲ್ಲಿ ಕೆಲವನ್ನು ಏಳದ ಇಟ್ಟಿಗೆಯಾಗಿಸಿತು. ಆ ಮಾದರಿಗೆ ವಿತರಣೆ ನಿಂತು, ಅಕ್ಟೋಬರ್‌ನಲ್ಲಿ 18.0.1 ಬಂತು. ಒಂದೇ ಕಂಪನಿ ಎಲ್ಲವನ್ನೂ ತಯಾರಿಸಿದರೂ ತಪ್ಪು ತಪ್ಪುವುದಿಲ್ಲ.

ಕೈಯಿಂದ ಫ್ಲ್ಯಾಶ್ ಮಾಡುವುದು: ತಾನಾಗಿ ಬರುವ ನವೀಕರಣ ನಿಂತುಹೋದ, ಇಲ್ಲವೇ ಕೆಟ್ಟು ನಿಂತ ಟ್ಯಾಬ್ಲೆಟ್‌ಗೆ ಕಂಪ್ಯೂಟರ್ ಮತ್ತು ಯುಎಸ್‌ಬಿ ಕೇಬಲ್ ಮೂಲಕ ಫರ್ಮ್‌ವೇರ್ ತುಂಬುತ್ತಾರೆ. ಸ್ಯಾಮ್‌ಸಂಗ್‌ಗೆ ಓಡಿನ್, ಮೀಡಿಯಾಟೆಕ್ ಚಿಪ್ಪಿನವಕ್ಕೆ ಎಸ್‌ಪಿ ಫ್ಲ್ಯಾಶ್ ಟೂಲ್, ಆಲ್‌ವಿನ್ನರ್ ಚಿಪ್ಪಿನವಕ್ಕೆ ಲೈವ್‌ಸೂಟ್. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಮಾರುಕಟ್ಟೆಗಳ ರಿಪೇರಿ ಅಂಗಡಿಯವರ ಮಾತಿನಲ್ಲಿ ಇದು ‘ಸಾಫ್ಟ್‌ವೇರ್ ಹೊಡೆಯೋದು’. ಕಂಪನಿಯ ಚಿಹ್ನೆ ತೋರಿಸಿ ಮುಂದಕ್ಕೆ ಹೋಗದ ಯಂತ್ರ ‘ಲೋಗೋದಲ್ಲೇ ನಿಂತಿದೆ’.

2012ರ ಆಸುಪಾಸಿನಲ್ಲಿ ಆಲ್‌ವಿನ್ನರ್ ಎ13 ಚಿಪ್ಪಿನ ಅಗ್ಗದ ಚೀನೀ ಟ್ಯಾಬ್ಲೆಟ್‌ಗಳು ತುಂಬಿಕೊಂಡಾಗ ಈ ಕೆಲಸದ ಕಷ್ಟ ಚೆನ್ನಾಗಿ ಗೊತ್ತಾಯಿತು. ಹೊರಕವಚ ಒಂದೇ, ಹೆಸರೂ ಒಂದೇ. ಒಳಗೆ ಮಾತ್ರ ತಯಾರಕರಿಗೆ ಆ ವಾರ ಅಗ್ಗಕ್ಕೆ ಸಿಕ್ಕ ಸ್ಪರ್ಶ ಚಿಪ್ಪು, ವೈ-ಫೈ ಚಿಪ್ಪು. ಹೆಸರು ನೋಡಿ ಫರ್ಮ್‌ವೇರ್ ತುಂಬಿದರೆ ಟ್ಯಾಬ್ಲೆಟ್ ಏಳುತ್ತದೆ, ಆದರೆ ಎಡಕ್ಕೆ ಮುಟ್ಟಿದರೆ ಬಲಕ್ಕೆ ತಾಗುತ್ತದೆ, ಇಲ್ಲವೇ ವೈ-ಫೈ ಆನ್ ಆಗುವುದೇ ಇಲ್ಲ. ಅನುಭವಿ ರಿಪೇರಿಗಾರ ಮೊದಲು ಹಿಂಬದಿಯ ಕವಚ ಬಿಚ್ಚಿ, ಬ್ಯಾಟರಿ ಪಕ್ಕದಲ್ಲಿ ಮದರ್‌ಬೋರ್ಡ್ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಓದಿ, ಆ ಬೋರ್ಡಿಗೆ ಹೊಂದುವ ಕಡತವನ್ನೇ ಹುಡುಕುತ್ತಾನೆ. ಹಳೆಯ ಫರ್ಮ್‌ವೇರ್‌ನ ಪ್ರತಿ ತೆಗೆದಿಟ್ಟುಕೊಳ್ಳದೆ ಹೊಸದನ್ನು ಹೊಡೆಯುವುದಿಲ್ಲ.

ತಯಾರಕರು ಕೈಬಿಟ್ಟ ಸಾಧನಗಳಿಗೆ ಹವ್ಯಾಸಿ ಪ್ರೋಗ್ರಾಮರುಗಳ ಗುಂಪುಗಳು ತಾವೇ ಆವೃತ್ತಿ ಸಿದ್ಧಪಡಿಸುವುದುಂಟು. 2016ರ ಕೊನೆಗೆ ಮುಚ್ಚಿದ ಸಯನೋಜೆನ್‌ಮಾಡ್, ಅದರ ಉತ್ತರಾಧಿಕಾರಿ ಲಿನಿಯೇಜ್‌ಒಎಸ್ ಇವುಗಳಲ್ಲಿ ಪ್ರಸಿದ್ಧ. ಬೇಡದ ಆಪ್‌ಗಳಿಲ್ಲದ ಕಾರಣ ಹಗುರ. ಆದರೆ ಬೂಟ್‌ಲೋಡರ್ ಬೀಗ ತೆಗೆಯಬೇಕು, ಹಾಗೆ ತೆಗೆದಾಗ ಯಂತ್ರದಲ್ಲಿನ ದತ್ತಾಂಶವೆಲ್ಲ ಅಳಿಯುತ್ತದೆ, ಕೆಲವು ಬ್ಯಾಂಕ್ ಆಪ್‌ಗಳು ಮುಂದೆ ಓಡಲು ನಿರಾಕರಿಸುತ್ತವೆ.

ಭಾರತದಲ್ಲಿ: 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್‌ನಲ್ಲಿ 366 ಮೆಗಾಹರ್ಟ್ಸ್ ಸಂಸ್ಕಾರಕ, 256 ಎಂಬಿ ರ‍್ಯಾಮ್, ಒತ್ತಿದರಷ್ಟೇ ಸ್ಪಂದಿಸುವ ಪರದೆ, ಆಂಡ್ರಾಯ್ಡ್ 2.2 ಇದ್ದವು. ಅದರ ನಿಧಾನಕ್ಕೆ ಫರ್ಮ್‌ವೇರ್‌ನಲ್ಲಿ ಮದ್ದಿರಲಿಲ್ಲ. 2012ರ ನವೆಂಬರ್‌ನಲ್ಲಿ ಆಕಾಶ್ 2 ಬಂದಾಗ ಸಂಸ್ಕಾರಕ, ರ‍್ಯಾಮ್, ಪರದೆ ಎಲ್ಲವನ್ನೂ ಬದಲಿಸಲಾಗಿತ್ತು. ಕನ್ನಡಿಗರಿಗೆ ಆ ವರ್ಷಗಳ ಅತಿ ಮುಖ್ಯ ನವೀಕರಣ ವೇಗದ್ದಲ್ಲ, ಅಕ್ಷರದ್ದು. ಅದಕ್ಕೆ ಮುಂಚಿನ ಆಂಡ್ರಾಯ್ಡ್ ಸಾಧನಗಳಲ್ಲಿ ಸಾಮಾನ್ಯವಾಗಿ ಕನ್ನಡ ಪುಟ ತೆರೆದರೆ ಬರೀ ಚೌಕಗಳು ಕಾಣುತ್ತಿದ್ದವು. ವ್ಯವಸ್ಥೆಯ ಮಟ್ಟದಲ್ಲೇ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸೇರಿದ್ದು 4.1ರಲ್ಲಿ. ಲಿಪಿಯನ್ನು ಜೋಡಿಸುವ ತಂತ್ರಾಂಶ ಫರ್ಮ್‌ವೇರ್‌ನ ಭಾಗವಾಗಿದ್ದರಿಂದ, ಆ ನವೀಕರಣ ಸಿಗದ ಟ್ಯಾಬ್ಲೆಟ್‌ಗೆ ಫಾಂಟ್ ಒಂದನ್ನೇ ಹಾಕಿಕೊಂಡರೂ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ.

ಬೆಂಬಲದ ಅವಧಿ: 2010ರ ಮೊದಲ ಗ್ಯಾಲಕ್ಸಿ ಟ್ಯಾಬ್‌ಗೆ ಆಂಡ್ರಾಯ್ಡ್ 4.0 ಕೊಡುವುದಿಲ್ಲ ಎಂದು ಸ್ಯಾಮ್‌ಸಂಗ್ 2011ರ ಡಿಸೆಂಬರ್‌ನಲ್ಲೇ ಹೇಳಿತು. ತನ್ನದೇ ಟಚ್‌ವಿಜ್ ಮೇಲ್ಪದರ ಸೇರಿದರೆ ಸ್ಮೃತಿ ಸಾಲದು ಎಂಬುದು ಅದು ಕೊಟ್ಟ ಕಾರಣ. ಅಂದರೆ ಒಂದು ವರ್ಷಕ್ಕೇ ಮುಕ್ತಾಯ. ಅದೇ ಕಂಪನಿ 2024ರ ಗ್ಯಾಲಕ್ಸಿ ಟ್ಯಾಬ್ ಎಸ್10 ಸಾಲಿಗೆ 7 ವರ್ಷಗಳ ಬೆಂಬಲ ಘೋಷಿಸಿದೆ. ಈ ಬದಲಾವಣೆಗೆ ಆಂಡ್ರಾಯ್ಡ್ 8.0ರ ಪ್ರಾಜೆಕ್ಟ್ ಟ್ರೆಬಲ್ ತಳಹದಿ ಹಾಕಿತು: ಚಿಪ್ಪಿಗೆ ಸಂಬಂಧಿಸಿದ ಪದರವನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ್ದರಿಂದ ಪ್ರತಿ ಆವೃತ್ತಿಗೂ ಚಿಪ್ ಕಂಪನಿಗಾಗಿ ಕಾಯುವುದು ಕಡಿಮೆಯಾಯಿತು. 2019ರ ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯ ಕೆಲವು ಭಾಗಗಳು ಪ್ಲೇ ಸ್ಟೋರ್ ಮೂಲಕವೇ ನವೀಕರಣಗೊಳ್ಳುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ, 7 ಇಂಚು ಮತ್ತು ಅದಕ್ಕಿಂತ ದೊಡ್ಡ ಪರದೆಯ ಟ್ಯಾಬ್ಲೆಟ್‌ಗಳಿಗೂ ಅನ್ವಯಿಸುತ್ತದೆ; ಮಾದರಿಯೊಂದು ಮಾರುಕಟ್ಟೆಗೆ ಬರುವುದು ನಿಂತ ದಿನದಿಂದ ಕನಿಷ್ಠ 5 ವರ್ಷ ಕಾರ್ಯಾಚರಣ ವ್ಯವಸ್ಥೆಯ ನವೀಕರಣಗಳು ಉಚಿತವಾಗಿ ಸಿಗಬೇಕೆಂಬುದು ಅದರ ಆಶಯ. ಆ 5 ವರ್ಷದಲ್ಲಿ ಬ್ಯಾಟರಿಯ ಸಾಮರ್ಥ್ಯವೂ ಕುಂದುವುದರಿಂದ, ಬ್ಯಾಟರಿ ಸೇರಿದಂತೆ ಬಿಡಿಭಾಗಗಳ ಲಭ್ಯತೆಯ ಷರತ್ತುಗಳನ್ನೂ ಅದೇ ನಿಯಮದಲ್ಲಿ ಸೇರಿಸಲಾಗಿದೆ.